ಇಳಿತದ ಮುಂದಿನ ಐದು ಹಾಳೆ

ನಮ್ಮೂರಿನ ದೊಡ್ಡ ಆರ್ಗನ್ನಿನಲ್ಲಿ ಆ ಸೊನಾಟವನ್ನು ಇಪ್ಪತ್ತೆರಡು ವರ್ಷ ನುಡಿಸಿದವನು ನಾನು. ನಮ್ಮ ಶಾಲೆಯ ಎಸ್ತೇರಕ್ಕೋರು ಮುಂದೆ ಕೂತು ಬೆರಳಾಡಿಸುತ್ತಿದ್ದದ್ದು ನಿಜ, ಕಾಲಿನಲ್ಲೂ ಏನೇನೋ ಒತ್ತುತ್ತಿದ್ದರು, ಅದನ್ನು ನಾನು ಇಲ್ಲವೆನ್ನುವುದಿಲ್ಲ. ಆದರೆ ಬರೀ ಬೆರಳಾಡಿಸಿದರೆ ಊಟದ ಮೇಜೂ ಟಕಟಕ ಎನ್ನುತ್ತದೆ. ಕೊಳವೆಗೆ ಉಸಿರು ಬೇಕು. ಆರ್ಗನ್ನಿನ ಬೆನ್ನ ಹಿಂದಿನ ಕಿರುಕೋಣೆಯಲ್ಲಿ, ಕಮ್ಮಾರನ ತಿದಿಗಿಂತ ಹತ್ತು ಪಟ್ಟು ದೊಡ್ಡ ಎರಡು ತಿದಿಗಳ ಮೇಲೆ ಒಂದೊಂದು ಕಾಲಿಟ್ಟು, ಆ ಉಸಿರನ್ನು ತುಳಿದು ತುಳಿದು ಕೊಟ್ಟವನು ಈ ಸಾಂತಪ್ಪ. ನನ್ನ ಮೀನಖಂಡಗಳನ್ನು ನೋಡಲು ಮೂರು ಊರಾಚೆಯಿಂದ ಜಟ್ಟಿಗಳು ಬರುತ್ತಿದ್ದರು. ಒಬ್ಬ ಜಟ್ಟಿಯಂತೂ ಮುಟ್ಟಿ ನೋಡಿ, ಅಲ್ಲೇ ಕುಸ್ತಿ ಬಿಟ್ಟು, ಹೂವಿನ ಅಂಗಡಿ ಇಟ್ಟುಬಿಟ್ಟ. ನಂಬದಿದ್ದರೆ ಬಿಡಿ. ಹೂವು ಮಾತ್ರ ಚೆನ್ನಾಗಿರುತ್ತಿತ್ತು.

ನಮ್ಮೂರಿಗೆ ಗಾಳಿ ಬರುವುದು ವರ್ಷಕ್ಕೆ ಒಂಬತ್ತು ದಿನ. ಪಡುವಣ ಗುಡ್ಡದ ಸೀಳಿನಿಂದ ನುಗ್ಗಿ ಬಂದು, ಒಂಬತ್ತು ದಿನ ಕುಣಿದು, ಹತ್ತನೆಯ ಬೆಳಿಗ್ಗೆ ನಿಂತರೆ ಮುಂದಿನ ವರ್ಷದವರೆಗೆ ಒಂದು ಎಲೆ ಅಲ್ಲಾಡುವುದಿಲ್ಲ. ಒಲೆಯ ಹೊಗೆ ಸೂರಿನ ಮೇಲೆ ಕಂಬದ ಹಾಗೆ ನೆಟ್ಟಗೆ ನಿಲ್ಲುತ್ತದೆ. ಚಿಕ್ಕವನಿದ್ದಾಗ ಅಂಥದೊಂದು ಕಂಬ ಹತ್ತಿ ಕೂತ ನನ್ನನ್ನು ಇಳಿಸಲು ಅಪ್ಪ ಏಣಿ ತರಿಸಬೇಕಾಯಿತು. ಗಾಳಿಯ ಒಂಬತ್ತೂ ದಿನ ಇಡೀ ಊರು ಬಯಲಿನಲ್ಲಿ ಚೀಲ ಬಿಚ್ಚಿ ಹಿಡಿದು ನಿಂತಿರುತ್ತದೆ. ಚರ್ಮದ ಚೀಲ, ದಿಂಬಿನ ಹೊದಿಕೆ, ಒಣಗಿದ ಸೋರೆಬುರುಡೆ, ಏನೂ ಸಿಗದವರು ಅಜ್ಜನ ಕೋಟಿನ ತೋಳಿಗೆ ಗಂಟು ಹಾಕಿಕೊಂಡು ಬರುತ್ತಾರೆ. ಅಲ್ಲಿಂದ ಮುಂದಕ್ಕೆ ಸಂಸಾರವೆಲ್ಲ ಹಿಡಿದಿಟ್ಟದ್ದರಲ್ಲೇ. ಒಗೆದ ಬಟ್ಟೆಗೆ ಇಷ್ಟು, ಕಾಳು ತೂರಲು ಅಷ್ಟು, ಮಗುವಿನ ಗಾಳಿಪಟಕ್ಕೆ ಎರಡು ಬುರುಡೆ. ಬಿಸಿ ಕಾಫಿ ಆರಿಸಲು ಚೀಲ ಬಿಚ್ಚುವವನನ್ನು ನಮ್ಮಲ್ಲಿ ದುಂದುಗಾರ ಎನ್ನುತ್ತಾರೆ. ಹೆಣ್ಣು ನೋಡಲು ಗಂಡಿನವರು ಬಂದಾಗ ತಾಯಂದಿರು ಬಾಗಿಲ ಹಿಂದೆ ನಿಂತು, ಬುರುಡೆಯ ಬಿರಡೆ ತುಸುವೇ ಸಡಿಲಿಸಿ ಮಗಳ ಸೆರಗು ಹಾರಿಸುತ್ತಾರೆ. ನನ್ನ ಹೆಂಡತಿ ಗುಲಾಬಿಯ ಸೆರಗು ಹಾಗೇ ಹಾರಿತ್ತು. ಬುರುಡೆ ಹಿಡಿದಿದ್ದ ನಮ್ಮ ಅತ್ತೆಯ ಕೈ ನನಗೆ ಪೂರಾ ಕಾಣುತ್ತಿತ್ತು. ಆದರೂ ಒಪ್ಪಿಕೊಂಡೆ.

ಚೀಲದಲ್ಲಿ ನಾಲ್ಕು ದಿನ ಕೂತ ಗಾಳಿ ಆ ಮನೆಯದ್ದೇ ಆಗಿಬಿಡುತ್ತದೆ. ನೀವು ಯಾವುದೋ ಮನೆಯ ಚೀಲ ಬಿಚ್ಚಿದರೆ ಮೊದಲು ಅವರ ಒಗ್ಗರಣೆಯ ವಾಸನೆ ಬರುತ್ತದೆ, ಹಿಂದೆಯೇ ಅತ್ತೆ ಸೊಸೆಯ ಅರ್ಧ ಜಗಳ, ಒಂದು ಬಿಕ್ಕಳಿಕೆ, ಯಾರೋ ಮರೆತ ಹಾಡಿನ ಒಂದು ಸಾಲು. ಅದಕ್ಕೇ ನಮ್ಮೂರಿನಲ್ಲಿ ಗಾಳಿಯನ್ನು ಯಾರೂ ಸುಲಭಕ್ಕೆ ಕೈಗಡ ಕೊಡುವುದಿಲ್ಲ. ಕೊಡುವುದು ವರ್ಷಕ್ಕೊಮ್ಮೆ, ಮನೆಗೊಂದು ಚೀಲ, ಗಾಳಿಚಾವಡಿಗೆ.

ಗಾಳಿಚಾವಡಿ ಅಂದರೆ ಆರ್ಗನ್ ಇರುವ ಜಾಗ. ಆ ಆರ್ಗನ್ ನಿಜವಾಗಿ ಬೇರೆ ಯಾವುದೋ ಊರಿಗೆ ಹೊರಟಿದ್ದಂತೆ. ನೂರಾರು ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬಂದು, ನೀರು ಕುಡಿಯಲು ಇಲ್ಲಿ ನಿಂತಾಗ ಗಾಡಿಯ ಎತ್ತುಗಳು ಮಲಗಿದವು, ಮತ್ತೆ ಏಳಲೊಲ್ಲೆ ಎಂದವು. ಊರವರು ಪೆಟ್ಟಿಗೆ ಬಿಚ್ಚಿ ಅಲ್ಲೇ ಜೋಡಿಸಿ, ಸುತ್ತ ಗೋಡೆ ಎಬ್ಬಿಸಿದರು. ಎಲ್ಲಕ್ಕಿಂತ ದಪ್ಪ ಕೊಳವೆಯೊಳಗೆ ಎಮ್ಮೆಯೊಂದು ಹೊಕ್ಕು ಕರು ಹಾಕಿ ಹೊರಬಂದದ್ದನ್ನು ನಾನೇ ಕಂಡಿದ್ದೇನೆ. ಪೆಟ್ಟಿಗೆಗಳ ತಳದಲ್ಲಿ, ಬರೀ ವಾದ್ಯಕ್ಕೆಂದು ಬರೆದ ಸಂಗೀತದ ಒಂದೇ ಒಂದು ಪುಸ್ತಕವಿತ್ತು. ಆ ಸೊನಾಟ. ಬರೆದವನ ಹೆಸರಿದ್ದ ಹಾಳೆಯನ್ನು ಗೆದ್ದಲು ತಿಂದಿತ್ತು. ತಿಂದ ಗೆದ್ದಲು ಆಮೇಲೆ ತಾಳ ತಪ್ಪದೆ ನಡೆಯುತ್ತಿದ್ದವು. ಎಸ್ತೇರಕ್ಕೋರು ನಮ್ಮ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿದವರು, ಓದಿಕೊಂಡವರು. ಅವರು ಹೇಳುತ್ತಿದ್ದರು, ಇದನ್ನು ಬರೆದ ಕಾಲದಲ್ಲಿ ಬರೆದವನ ಚಳಿನಾಡಿನ ಜನ ತಮ್ಮ ಸಣ್ಣ ದುಃಖವನ್ನೂ ಬೆಟ್ಟದ ತುದಿಗೆ ಹೋಗಿ ನಿಂತು ಹೇಳುತ್ತಿದ್ದರಂತೆ. ಆ ಕಾಲ ನನಗೆ ತುಂಬ ಹಿಡಿಸಿತು. ನಾನು ಹುಟ್ಟಬೇಕಾಗಿದ್ದದ್ದು ಅಲ್ಲೇ.

ಸೊನಾಟದಲ್ಲಿ ಮೂರು ಭಾಗ. ಮೊದಲನೆಯದರಲ್ಲಿ ಕೆಳಗಿನ ದಪ್ಪ ಕೊಳವೆಗಳು, ದೊಡ್ಡ ಮನೆಯಲ್ಲಿ ದೀಪವಿಲ್ಲದೆ ಯಾರೋ ಮೆಟ್ಟಿಲು ತಡಕಿದ ಹಾಗೆ, ಒಂದೊಂದೇ ಸ್ವರ ಇಡುತ್ತ ಬರುತ್ತವೆ. ಆಮೇಲೆ ಇದ್ದಕ್ಕಿದ್ದಂತೆ ಎಲ್ಲ ಕೊಳವೆಗಳೂ ಒಟ್ಟಿಗೆ ಬಾಯಿ ತೆರೆಯುತ್ತವೆ; ಎದುರು ಸಾಲಿನ ಬೋಳು ತಲೆಗಳ ಮೇಲೆ ಕೂದಲು ಹುಟ್ಟಿ ನಿಮಿರಿ ನಿಲ್ಲುತ್ತದೆ. ಎರಡನೆಯದು, ಜ್ವರ ಬಿಟ್ಟ ಮಗುವಿನ ಹಣೆ ಮುಟ್ಟಿ ನೋಡುವಷ್ಟು ಮೆಲ್ಲಗೆ. ಕಷ್ಟವಿರುವುದು ಮೂರನೆಯದರಲ್ಲಿ. ಅಲ್ಲಿ ಒಂದು ಕೊಳವೆ ಒಂದು ಮಾತು ಹೇಳುತ್ತದೆ, ಎರಡನೆಯದು ಆ ಮಾತನ್ನೇ ಹಿಡಿದುಕೊಂಡು ಅದರ ಬೆನ್ನಿಗೆ ಓಡುತ್ತದೆ, ಅಷ್ಟರಲ್ಲಿ ಮೂರನೆಯದು, ನಾಲ್ಕನೆಯದು, ಸಂತೆಯಲ್ಲಿ ಒಂದು ಸುದ್ದಿ ನಾಲ್ಕು ಬಾಯಿ ದಾಟಿದ ಹಾಗೆ. ಓಡಿ ಓಡಿ ಅವೆಲ್ಲ ಒಂದು ಕಡೆ ಸೇರುತ್ತವೆ, ಇನ್ನೇನು ಏನೋ ಆಗುತ್ತದೆ ಎನ್ನುವಾಗ ಇಳಿತ ಬರುತ್ತದೆ.

ಇಳಿತ ಅಂದರೆ ಗಾಳಿ ಮುಗಿಯುವುದು. ಮೊದಲು ದಪ್ಪ ಕೊಳವೆ ಕುಗ್ಗುತ್ತದೆ, ಆಮೇಲೆ ನಡುವಿನವು. ಸ್ವರಗಳೆಲ್ಲ ಜಾರುಬಂಡೆಯ ಮೇಲೆ ಕೂತ ಮಕ್ಕಳಂತೆ ಒಬ್ಬರ ಬೆನ್ನು ಒಬ್ಬರು ಹಿಡಿದು ಕೆಳಕ್ಕೆ ಜಾರುತ್ತವೆ. ಕೊನೆಗೆ ಬೆರಳುದ್ದದ ಒಂದೇ ಕೊಳವೆ ಉಳಿದು, ಗೂಡು ಸೇರಿದ ಹಕ್ಕಿಯಂತೆ ಕುಂಯ್ ಎಂದು ಸುಮ್ಮನಾಗುತ್ತದೆ. ಆಗ ಗಾಳಿಚಾವಡಿಯ ಮಂದಿಯೆಲ್ಲ ಒಂದು ನಿಟ್ಟುಸಿರು ಬಿಟ್ಟು, ಬಗ್ಗಿ, ಬೆಂಚಿನಡಿಯ ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಏಳುತ್ತಾರೆ. ಊರಿನ ಪಾಲಿಗೆ ಸೊನಾಟ ಅಂದರೆ ಅದೇ. ಶಾಲೆಯಲ್ಲಿ ಮಕ್ಕಳಿಗೆ ಬಾಯಲ್ಲಿ ಇಳಿತ ಹೇಳುವ ಪಂದ್ಯ ಇಡುತ್ತಾರೆ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಹೆಂಗಸರು ಸಾಲಾಗಿ ನಿಂತು ಇಳಿತ ಹೇಳುತ್ತಾರೆ. ಜಗಲಿಗಳಲ್ಲಿ ವರ್ಷವಿಡೀ ಅದೇ ಮಾತು: ಈ ಸಲದ್ದು ಚೆನ್ನಾಗಿತ್ತೋ, ಹೋದ ಸಲದ್ದೋ.

ಅಕ್ಕೋರು ಮೊದಮೊದಲು ಹೇಳಿ ನೋಡಿದ್ದರು. "ಅದು ಮುಗಿದದ್ದಲ್ಲ, ನಿಂತದ್ದು. ಮುಂದೆ ಇನ್ನೂ ಐದು ಹಾಳೆ ಇದೆ."

ಚೀಲ ಹೊಲಿಯುವ ಹಸನಬ್ಬ ಊರಿನಲ್ಲೇ ದೊಡ್ಡ ಇಳಿತಪಂಡಿತ. ಅವನು ಪುಸ್ತಕವನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ, ಹೊಲಿಗೆಯನ್ನು ಉಗುರಿನಲ್ಲಿ ಕೆರೆದು ನೋಡಿ ಹೇಳಿದ, "ಇಲ್ಲ ಅಕ್ಕೋರೇ. ಆ ಐದು ಹಾಳೆ ಬೇರೆ ಯಾವುದೋ ಪುಸ್ತಕದ್ದು, ತಪ್ಪಿ ಸೇರಿಕೊಂಡಿದೆ. ನಮ್ಮಂಥ ಹೊಲಿಗೆಯವರಿಗೆ ತಿಳಿಯುತ್ತೆ."

ಅಲ್ಲಿಗೆ ಆ ಮಾತು ಮುಗಿಯಿತು.

ಈಗ ನಾನೊಂದು ವಿಷಯ ಹೇಳಬೇಕು, ಸ್ವಲ್ಪ ಹತ್ತಿರ ಬನ್ನಿ. ಇಳಿತವನ್ನು ಮಾಡಿದವನು ಆ ಚಳಿನಾಡಿನವನಲ್ಲ. ನಾನು. ತಿದಿಗೆ ಹೊಸಬನಾಗಿದ್ದ ಮೊದಲ ವರ್ಷ, ಅಕ್ಕೋರು ಆ ಪುಸ್ತಕವನ್ನು ಊರಿನಲ್ಲಿ ಮೊದಲ ಸಲ ನುಡಿಸಿದ್ದೂ ಆ ವರ್ಷವೇ, ನನಗೆ ಮದುವೆಯಾಗಿ ಎರಡು ತಿಂಗಳಾಗಿತ್ತು. ನನ್ನ ಮನೆಯ ಚೀಲವನ್ನು ಮೂಲೆಯಲ್ಲಿಟ್ಟು, ಅಕ್ಕೋರು ಬರುವವರೆಗೆ ಅದರ ಮೇಲೆ ತಲೆಯಿಟ್ಟು ಒಂದು ನಿದ್ದೆ ತೆಗೆದೆ. ನುಡಿಸಲು ಶುರುವಾದಾಗ ಎಚ್ಚರಾಗಿ ಉಳಿದ ಚೀಲಗಳನ್ನೆಲ್ಲ ಒಂದೊಂದಾಗಿ ತಿದಿಯ ಬಾಯಿಗೆ ಕಟ್ಟಿದೆ, ತಲೆದಿಂಬು ಮಾತ್ರ ಮರೆತುಹೋಯಿತು. ಗಾಳಿ ಕಡಿಮೆ ಬಿತ್ತು. ಆರ್ಗನ್ ಜಾರಿತು. ನನ್ನ ಕೆಲಸ ಹೋಯಿತು ಎಂದುಕೊಂಡು ಬೆವರುತ್ತ ಹೊರಗೆ ಬಂದರೆ ಜನ ಅಳುತ್ತಿದ್ದರು, ಖುಷಿಯಿಂದ. ಹಸನಬ್ಬ ನನ್ನನ್ನು ತಬ್ಬಿಕೊಂಡು, "ಸಾಂತಾ, ಆ ಕಡೇದು ನಿನ್ನದಲ್ವಾ ಮಾರಾಯ? ಅಲ್ಲಿ ಅಕ್ಕೋರ ಬೆರಳು ಅಲ್ಲಾಡಲೇ ಇಲ್ಲ, ನಾನು ನೋಡ್ತಿದ್ದೆ" ಎಂದ. ನೀವೇ ಹೇಳಿ, ಗೋಡೆಯ ಹಿಂದೆ ಬೆವರುವವನಿಗೆ ಅಂಥ ಮಾತು ಇನ್ನೊಮ್ಮೆ ಸಿಗುತ್ತದೆಯೇ? ಮರುವರ್ಷ ಎಲ್ಲರೂ ಅದಕ್ಕಾಗಿಯೇ ಕಾದು ಕೂತಿದ್ದರು. ಹಾಗಾಗಿ ಬಂದ ಚೀಲಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಆರಿಸಿ ನಾನೇ ಪಕ್ಕಕ್ಕಿಟ್ಟೆ. ಅದರ ಮುಂದಿನ ವರ್ಷವೂ ಇಟ್ಟೆ. ಹೀಗೆ ಇಪ್ಪತ್ತೆರಡು ಚೀಲ ನನ್ನ ಮನೆಯ ಅಟ್ಟದಲ್ಲಿ ಬಾವಲಿಗಳಂತೆ ತೂಗುತ್ತಿದ್ದವು. ಮನೆ ಎಷ್ಟು ಹಗುರಾಗಿತ್ತೆಂದರೆ, ಅದು ಮೇಲೇಳದ ಹಾಗೆ ನಾಲ್ಕು ಮೂಲೆಯಲ್ಲೂ ಒರಳುಕಲ್ಲು ಇಟ್ಟಿದ್ದೆ.

ಇಪ್ಪತ್ಮೂರನೆಯ ವರ್ಷ ಗಾಳಿ ಆರೇ ದಿನಕ್ಕೆ ನಿಂತಿತು. ಏಳನೆಯ ಬೆಳಿಗ್ಗೆ ಜನ ಬಯಲಿನಲ್ಲಿ ಅರೆತುಂಬಿದ ಚೀಲ ಹಿಡಿದು ಮಧ್ಯಾಹ್ನದವರೆಗೂ ಕಾದು, ಸುಮ್ಮನೆ ಮನೆಗೆ ಹೋದರು. ಅದೇ ವಾರ ಒಂದು ಸಂಜೆ ಎಸ್ತೇರಕ್ಕೋರು ನಮ್ಮ ಮನೆಗೆ ಬಂದರು. ಗುಲಾಬಿ ಚಹಾ ಕೊಟ್ಟಳು. ಅಕ್ಕೋರು ಲೋಟವನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು ಕುಡಿದರು, ಬೆರಳುಗಳಿಂದಲ್ಲ.

"ಕೈಗೆ ಏನಾಯ್ತು ಅಕ್ಕೋರೇ?" ಎಂದಳು ಗುಲಾಬಿ.

"ಗಂಟು ಹಿಡೀತಾ ಇದೆ. ಈ ಉಂಗುರ ಬೆರಳು ನೋಡು, ಮಡಿಸಿದರೆ ಎಡಗೈಯಿಂದ ಬಿಡಿಸಬೇಕು. ಮದ್ದು ಕೊಡೋ ಪಂಡಿತರು ಬೆರಳು ಇನ್ನೊಂದು ವರ್ಷ ಆಡುತ್ತೆ ಅಂದಿದ್ದಾರೆ. ಅವರು ಯಾವಾಗಲೂ ಒಂದು ವರ್ಷ ಜಾಸ್ತಿ ಹೇಳ್ತಾರೆ." ಅವರು ನನ್ನ ಕಡೆ ತಿರುಗಿದರು. "ಸಾಂತಪ್ಪ, ಈ ಸಲ ಕೊನೆ ತನಕ ನುಡಿಸಬೇಕು. ಐದು ಹಾಳೆಯನ್ನೂ. ಅದು ಹೇಗಿದೆ ಅಂತ ಒಂದು ಸಲ ಕಿವಿಯಲ್ಲಿ ಕೇಳಬೇಕು ನಾನು."

ಗಾಳಿ ಕಡಿಮೆ ಎಂದು ಹೇಳಬೇಕಾಗಿತ್ತು. ಹೇಳಿದ್ದರೆ ಅವರು ಒಪ್ಪಿಕೊಂಡು ಎದ್ದು ಹೋಗುತ್ತಿದ್ದರು. ಆದರೆ ನನ್ನ ಬಾಯಿಗೆ ತನ್ನದೇ ಆದ ಕಾಲುಗಳಿವೆ. "ಐದು ಹಾಳೆ ಯಾವ ಲೆಕ್ಕ ಅಕ್ಕೋರೇ? ನೀವು ಐವತ್ತು ತನ್ನಿ. ಈ ಸಾಂತಪ್ಪ ತಿದಿಯ ಮೇಲೆ ನಿಂತಿರುವಾಗ ಗಾಳಿ ಮುಗಿಯುತ್ತಾ? ಗುಡ್ಡದ ಸೀಳು ಮುಚ್ಚಿಹೋದರೂ ನಾನು ಕೊಡ್ತೇನೆ" ಎಂದುಬಿಟ್ಟೆ.

ಅಕ್ಕೋರು "ಮಾತು ಕೊಟ್ಟೆ ನೀನು" ಎಂದು ಲೋಟ ಕೆಳಗಿಟ್ಟು ಹೋದರು.

ಗುಲಾಬಿ ಅಟ್ಟದ ಕಡೆ ನೋಡಿದಳು. ನಾನು ನೆಲ ನೋಡಿದೆ.

"ಇಳಿಸಿ" ಎಂದಳು.

"ಊರಿಗೆ ಏನಂತ ಹೇಳಲಿ? ಇಷ್ಟು ವರ್ಷ ಸೊನಾಟದ ಬಾಲ ಕತ್ತರಿಸಿ ಅಟ್ಟದಲ್ಲಿ ಒಣಗಿಹಾಕಿದ್ದೆ ಅಂತಲಾ? ನಾಳೆಯಿಂದ ನಾನು ಬರೀ ತಿದಿ ತುಳಿಯೋನು."

"ಈಗೇನು, ಬೆಟ್ಟ ಹೊತ್ತಿದ್ದೀರಾ?"

"ಇಳಿತ ನನ್ನದು ಗುಲಾಬಿ. ಈ ಊರಲ್ಲಿ ನನ್ನದು ಅಂತ ಇರೋದು ಅದೊಂದೇ."

ಅವಳು ಒಪ್ಪಲೂ ಇಲ್ಲ, ಬೈಯಲೂ ಇಲ್ಲ. "ಅವರ ಬೆರಳು ನೋಡಿದ್ರಲ್ಲ" ಎಂದಳು. ಆಮೇಲೆ ಏಣಿ ತಂದು ಗೋಡೆಗೆ ಒರಗಿಸಿ, ಅದರ ಬುಡವನ್ನು ಕಾಲಿನಿಂದ ಒತ್ತಿ ಹಿಡಿದು ನಿಂತಳು. ಅವಳು ಹಾಗೆ ನಿಂತಳೆಂದರೆ ಹತ್ತದೆ ಬೇರೆ ದಾರಿಯಿಲ್ಲ.

ಒಂದೊಂದೇ ಚೀಲ ಇಳಿಸಿ ಕೊಟ್ಟೆ. ಹಸನಬ್ಬ ಪ್ರತಿ ವರ್ಷದ ಚೀಲಕ್ಕೂ ಬೇರೆ ಬಣ್ಣದ ದಾರ ಹಾಕುತ್ತಾನೆ, ಹಳತು ಹೊಸತು ಬೆರೆಯದಿರಲಿ ಎಂದು. ಹಳದಿ, ನೇರಳೆ, ಸುಟ್ಟ ಇಟ್ಟಿಗೆಯ ಬಣ್ಣ, ಎಲೆಹಸಿರು, ಎಲ್ಲ ಅಂಗಳದಲ್ಲಿ ಸಾಲಾಗಿ ಕೂತವು. ಕೊನೆಗೆ ಅಟ್ಟದ ತೀರಾ ಮೂಲೆಯಲ್ಲಿ ಬಿಳಿ ದಾರದ ಸಣ್ಣ ಚೀಲ ಉಳಿಯಿತು, ನನ್ನ ತಲೆದಿಂಬು.

"ಇದು ನಮ್ಮದಲ್ವಾ?" ಎಂದಳು ಗುಲಾಬಿ ಕೆಳಗಿನಿಂದ.

"ಇದು ಬೇಡ. ಇಪ್ಪತ್ತೊಂದೇ ಸಾಕು."

"ಆ ವರ್ಷ ನಮ್ಮ ಮನೇಲಿ ಒಂದು ಪಾತ್ರೆ, ಎರಡು ತಟ್ಟೆ ಬಿಟ್ಟು ಏನೂ ಇರಲಿಲ್ಲ. ಏನು ಕೂಡಿಟ್ಟಿರಬಹುದು ಅದರಲ್ಲಿ?"

ನನಗೆ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ನಾನು ಅವಳಿಗೆ ಹೇಳಿದ ಮೊದಲ ಸುಳ್ಳು, ಅದಕ್ಕೆ ಅವಳು ನಕ್ಕ ನಗು. ಅಂಥ ನಗು ಆಮೇಲೆ ಬರಲಿಲ್ಲ. ಸುಳ್ಳುಗಳು ಜಾಸ್ತಿಯಾದದ್ದಕ್ಕೆ ಇರಬೇಕು. ಆ ಚೀಲವನ್ನೂ ಕೆಳಗೆ ಕೊಟ್ಟೆ.

ನುಡಿಸುವ ದಿನ, ಮಧ್ಯಾಹ್ನ ಮೂರಕ್ಕೆ, ಕೈಗಾಡಿಯ ಮೇಲೆ ಚೀಲಗಳ ಗುಡ್ಡ ಒಟ್ಟಿಕೊಂಡು ಗಾಳಿಚಾವಡಿಗೆ ಹೋದೆ. ಗಾಡಿ ನೆಲ ಮುಟ್ಟುತ್ತಲೇ ಇರಲಿಲ್ಲ, ದಾರ ಕಟ್ಟಿದ ಕರುವಿನ ಹಾಗೆ ಹಿಂದೆ ತೇಲಿ ಬರುತ್ತಿತ್ತು. ಬಾಗಿಲಲ್ಲಿ ಜನ ನೆರೆದರು. ಈ ಬರಗಾಲದಲ್ಲಿ ಇಷ್ಟು ಗಾಳಿ ಎಲ್ಲಿಂದ ಎಂದು ಯಾರೋ ಕೇಳಿದರು.

"ಊದಿದೆ" ಎಂದೆ. "ಬಾಯಲ್ಲೇ. ಹದಿನಾಲ್ಕು ದಿನ ಹಿಡೀತು."

ಅರ್ಧ ಜನ ನಂಬಿದರು. ನನ್ನ ಬಾಯಿ ಅಂಥದ್ದು. ಆದರೆ ಹಸನಬ್ಬ ಮುಂದೆ ಬಂದು ಒಂದು ಚೀಲದ ಮೇಲೆ ಕೈಯಾಡಿಸಿದ. ಎಲೆಹಸಿರು ದಾರದ್ದು. ಅವನ ಬೆರಳು ಹೊಲಿಗೆಯ ಉದ್ದಕ್ಕೂ ಹೋಗಿ ಗಂಟಿನ ಮೇಲೆ ನಿಂತಿತು.

"ಈ ದಾರ ನಮ್ಮ ಮಗಳು ಜೈನಬಿಯ ನಿಕಾಹ್ ಆದ ವರ್ಷದ್ದು" ಎಂದ. "ಚೀಲ ನಮ್ಮ ಮನೇದು. ನಾನೇ ತಂದುಕೊಟ್ಟಿದ್ದೆ." ಇನ್ನೊಂದನ್ನು ಮುಟ್ಟಿದ, ಮತ್ತೊಂದನ್ನು. ಎಲ್ಲ ಮುಟ್ಟಿ ಮುಗಿಸಿದ ಮೇಲೆ ನನ್ನ ಮುಖ ನೋಡಿದ. ನಲವತ್ತು ಕುದುರೆಗಳು ಒಟ್ಟಿಗೆ ಒದ್ದಾಗಲೂ ನಾನು ಅಷ್ಟು ಕುಗ್ಗಿರಲಿಲ್ಲ.

"ಕಾಕಾ, ಅಕ್ಕೋರ ಕೈ ಗಂಟು ಹಿಡೀತಾ ಇದೆ. ಕೊನೆ ತನಕ ನುಡಿಸಬೇಕಂತೆ" ಎಂದೆ.

ಹಸನಬ್ಬ ಹಸಿರು ದಾರದ ಚೀಲವನ್ನು ತಾನೇ ಎದೆಗೆ ಅಪ್ಪಿಕೊಂಡು ಎತ್ತಿದ. "ಮೊದಲು ನುಡಿಸು. ಆಮೇಲೆ ನಿನ್ನನ್ನ ವಿಚಾರಿಸ್ಕೊಳ್ತೀನಿ" ಎಂದ. ಅವನ ಹಿಂದೆ ಬೇರೆಯವರೂ ಒಂದೊಂದು ಚೀಲ ಎತ್ತಿದರು. ಎಲ್ಲವನ್ನೂ ಕಿರುಕೋಣೆಯಲ್ಲಿ ಗೋಡೆಗೆ ಒರಗಿಸಿ, ಹೊರಗೆ ಹೋಗಿ, ಚಪ್ಪಲಿ ಬಿಚ್ಚಿ ಬೆಂಚಿನಡಿ ಇಟ್ಟು ಕೂತರು.

ನನಗೂ ಅಕ್ಕೋರಿಗೂ ನಡುವೆ ಅಂಗೈಯಗಲದ ಒಂದು ಕಿಂಡಿ. ಅದರಲ್ಲಿ ಅವರ ಬಲಗೈ ಮಾತ್ರ ಕಾಣುತ್ತದೆ. ಆ ಕೈ ಒಮ್ಮೆ ಎದ್ದಿತು, ನಾನು ತಿದಿ ತುಳಿದೆ.

ಮೊದಲ ಭಾಗಕ್ಕೆ ಈ ವರ್ಷದ ತೆಳು ಗಾಳಿ ಹಾಕಿದೆ. ಆರು ದಿನದ ಗಾಳಿ, ಅವಸರದ ಗಾಳಿ. ಆದರೂ ದಪ್ಪ ಕೊಳವೆಗಳು ಮೆಟ್ಟಿಲು ತಡಕುತ್ತ ಬಂದವು, ಎಲ್ಲ ಒಟ್ಟಿಗೆ ಬಾಯಿ ತೆರೆದಾಗ ಚಾವಡಿಯ ಹೆಂಚುಗಳು ಎದ್ದು ಒಂದು ಸುತ್ತು ಹಾಕಿ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು. ಎರಡನೆಯ ಭಾಗಕ್ಕೆ ನಾಲ್ಕೈದು ವರ್ಷದ ಹಿಂದಿನ ಚೀಲ ಕಟ್ಟಿದೆ. ಸ್ವರಗಳ ಸಂದಿಯಿಂದ ಮೆಂತ್ಯದ ಹಿಟ್ಟಿನ ವಾಸನೆ ಬಂತು. ಯಾರದೋ ಹೊಲಿಗೆ ಯಂತ್ರ ದೂರದಲ್ಲಿ ಓಡಿದಂತಾಯಿತು. ಎದುರಿನ ಬೆಂಚಿನ ಮುದುಕಿಯೊಬ್ಬಳು, ಆ ಯಂತ್ರ ತಾನು ಕೊಟ್ಟುಬಿಟ್ಟದ್ದಲ್ಲವೇ ಎಂದು ಪಕ್ಕದವಳ ಕಿವಿಯಲ್ಲಿ ಕೇಳಿದಳಂತೆ.

ಮೂರನೆಯ ಭಾಗ ಶುರುವಾಗುವಾಗ ಚಾವಡಿಯೊಳಗೆ ಬೆಳಕು ಬೇರೆಯಾಗಿತ್ತು. ನಾನು ಹಳೆಯ ಚೀಲಗಳಿಗೆ ಬಂದಿದ್ದೆ. ಒಂದು ಕೊಳವೆ ಮಾತು ಹೇಳಿತು, ಇನ್ನೊಂದು ಬೆನ್ನಿಗೆ ಓಡಿತು, ಅವುಗಳ ಜೊತೆ ಹದಿನೈದು, ಹದಿನೆಂಟು ವರ್ಷದ ಹಿಂದಿನ ಮನೆಗಳೂ ಓಡಿದವು. ಈಗ ಮೀಸೆ ಬಂದವರೆಲ್ಲ ತಾವು ಅಂಬೆಗಾಲಿಟ್ಟ ಸದ್ದು ಕೇಳಿದರು. ಬಿದ್ದುಹೋದ ಹುಣಸೆಮರದ ನೆರಳು ಕಿಟಕಿಯಿಂದ ಬಂದು ನೆಲದ ಮೇಲೆ ಬಿತ್ತು. ಹಸಿರು ದಾರದ ಚೀಲ ಬಿಚ್ಚಿದಾಗ ಮದರಂಗಿಯ ವಾಸನೆ ಚಾವಡಿ ತುಂಬಿತು, ಒಂದು ಹುಡುಗಿಯ ದನಿ "ಅಬ್ಬಾ, ನನ್ನ ಬಳೆ ಎಲ್ಲಿ?" ಎಂದು ಕೇಳಿ ಕೊಳವೆಯೊಳಗೆ ಸ್ವರವಾಗಿ ಹೋಯಿತು. ಜೈನಬಿ ಈಗ ಗುಡ್ಡದಾಚೆ ಇದ್ದಾಳೆ, ಮೂರು ಮಕ್ಕಳ ತಾಯಿ. ಹಸನಬ್ಬ ಕೂತಲ್ಲೇ ತನ್ನ ಜೇಬು ತಡಕಿದನಂತೆ, ಬಳೆಗಾಗಿ.

ಓಡಿ ಓಡಿ ಎಲ್ಲ ಸ್ವರಗಳೂ ಒಂದು ಕಡೆ ಸೇರಿದವು. ಇಳಿತದ ಜಾಗ. ಬೆಂಚುಗಳೆಲ್ಲ ಕಿರ್ರೆಂದವು, ಇಡೀ ಊರು ಚಪ್ಪಲಿಗೆ ಬಗ್ಗಿತ್ತು. ನನ್ನ ಕಾಲು ತಾನಾಗಿಯೇ ನಿಧಾನವಾಯಿತು. ಇಪ್ಪತ್ತೆರಡು ವರ್ಷದ ಅಭ್ಯಾಸ. ಕಿಂಡಿಯಲ್ಲಿ ಅಕ್ಕೋರ ಕೈ ಒಂದು ಗಳಿಗೆ ಗಾಳಿಯಲ್ಲೇ ನಿಂತಿತು, ಕೊಡುತ್ತೀಯೋ ಇಲ್ಲವೋ ಎಂದು ಕೇಳುವ ಹಾಗೆ. ನಾನು ತುಳಿದೆ. ಏಳು ಊರಿನ ಜಟ್ಟಿಗಳು ಒಟ್ಟಾಗಿ ತುಳಿದರೂ ಅಷ್ಟು ಬಲ ಬೀಳುತ್ತಿರಲಿಲ್ಲ. ಆರ್ಗನ್ ಜಾರಲಿಲ್ಲ, ಮುಂದೆ ಹೋಯಿತು.

ಆ ಐದು ಹಾಳೆಯಲ್ಲಿ ಏನಿತ್ತು ಎಂದು ನನ್ನನ್ನು ಕೇಳಬೇಡಿ. ಬೇರೆ ಎಲ್ಲದಕ್ಕೂ ನನ್ನ ಹತ್ತಿರ ಮಾತಿದೆ. ಇಷ್ಟು ಹೇಳಬಲ್ಲೆ: ಮೊದಲ ಭಾಗದಲ್ಲಿ ಕತ್ತಲಲ್ಲಿ ಮೆಟ್ಟಿಲು ಹುಡುಕುತ್ತಿದ್ದವನು ಮತ್ತೆ ಬಂದ. ಈ ಸಲ ಅವನಿಗೆ ಮೆಟ್ಟಿಲು ಸಿಕ್ಕಿತ್ತು, ಆದರೆ ಅವನು ಹತ್ತುವ ಅವಸರದಲ್ಲಿರಲಿಲ್ಲ. ಐದನೆಯ ಹಾಳೆಯಲ್ಲಿ ಅಕ್ಕೋರ ಉಂಗುರ ಬೆರಳು ಮಡಿಸಿಕೊಂಡಿತು. ಕಿಂಡಿಯಲ್ಲಿ ಕಂಡಿತು ನನಗೆ. ಉಳಿದ ಬೆರಳುಗಳು ಒತ್ತಬೇಕಾದ್ದನ್ನು ಒತ್ತಿಕೊಂಡೇ ಇದ್ದವು, ಮುಂದಿನ ಸ್ವರ ಮಾತ್ರ ಆ ಬೆರಳಿನದ್ದು. ನಾನು ಎರಡೂ ತಿದಿಗಳ ಮೇಲೆ ಮೈಭಾರ ಬಿಟ್ಟು, ಉಸಿರು ಬಿಗಿಹಿಡಿದು, ಗಾಳಿ ಒಂದು ಕೂದಲೆಳೆ ಹೆಚ್ಚೂ ಆಗದ ಹಾಗೆ, ಕಡಿಮೆಯೂ ಆಗದ ಹಾಗೆ ನಿಂತೆ. ಎಡಗೈ ಬಂತು. ಮಡಿಸಿದ ಬೆರಳನ್ನು ಮೆಲ್ಲಗೆ ಬಿಡಿಸಿತು. ಬೆರಳು ಹೋಗಿ ತನ್ನ ಸ್ವರದ ಮೇಲೆ ಕೂತಿತು. ಅಷ್ಟು ಹೊತ್ತೂ ಆರ್ಗನ್ ಕಾಯುತ್ತ ನಿಂತಿತ್ತು, ಬರೆದವನೇ ಹಾಗೆ ಬರೆದಿದ್ದನೇನೋ ಎಂಬಂತೆ. ಆಮೇಲೆ ಎಲ್ಲ ಕೊಳವೆಗಳೂ ಸೇರಿ ಒಂದು ದೊಡ್ಡ ಸ್ವರ ಹಿಡಿದವು, ಬಿಟ್ಟವು. ಮುಗಿಯಿತು.

ಒಬ್ಬರೂ ಏಳಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದವರು ಹಿಡಿದೇ ಕೂತಿದ್ದರು, ಒಂದು ಕಾಲಿಗೆ ಮೆಟ್ಟಿದವರು ಹಾಗೆಯೇ. ಅದು ಮುಗಿದದ್ದೆಂದು ಯಾರಿಗೆ ಗೊತ್ತು? ಅವರು ಇನ್ನೂ ಕಾಯುತ್ತಿದ್ದರು.

ಕಿಂಡಿಯಲ್ಲಿ ಅಕ್ಕೋರ ಮುಖ ಬಂತು. ಅವರ ಮುಖ ಆ ಕಿಂಡಿಯಲ್ಲಿ ಹಿಂದೆಂದೂ ಬಂದಿರಲಿಲ್ಲ. ಹುಡುಗಿಯ ಹಾಗೆ ಕೆಂಪಗಾಗಿದ್ದರು.

"ಒಂದು ಚೀಲ ಉಳಿದಿರಬೇಕಲ್ಲ?" ಎಂದರು ಮೆಲ್ಲಗೆ.

ಬಿಳಿ ದಾರದ್ದು ಗೋಡೆಗೆ ಒರಗಿ ಕೂತಿತ್ತು. "ನಿಮಗೆ ಗೊತ್ತಿತ್ತಾ ಅಕ್ಕೋರೇ? ನಾನು ಪ್ರತಿ ವರ್ಷ..."

"ಬೆರಳಿಗೆ ತಿಳಿಯೋದಿಲ್ವಾ ಮಾರಾಯ? ಗಾಳಿ ತಾನಾಗಿ ಮುಗಿಯೋದೇ ಬೇರೆ, ಯಾರೋ ಕಾಲು ತೆಗೆಯೋದೇ ಬೇರೆ. ಎರಡನೇ ವರ್ಷವೇ ತಿಳೀತು."

"ಮತ್ತೆ ಯಾಕೆ ಸುಮ್ಮನಿದ್ರಿ?"

"ನೀನು ನಿಲ್ಲಿಸುತ್ತಿದ್ದ ಜಾಗದಿಂದ ಮುಂದೆ ನನ್ನ ಕೈಲಿ ಆಗ್ತಿರಲಿಲ್ಲ. ಪ್ರತಿ ವರ್ಷ ಆ ಜಾಗ ಹತ್ತಿರ ಬಂದ ಹಾಗೆ ಎದೆ ಹೊಡೆದುಕೊಳ್ಳೋದು, ಸಾಂತಪ್ಪ ನಿಲ್ಲಿಸಲಪ್ಪ ಅಂತ ಬೇಡಿಕೊಳ್ತಿದ್ದೆ. ನೀನು ನಿಲ್ಲಿಸ್ತಿದ್ದೆ. ಮನೆಗೆ ಹೋಗಿ ಊಟದ ಮೇಜಿನ ಮೇಲೆ ಆ ಐದು ಹಾಳೆ ಕಲೀತಿದ್ದೆ, ಟಕಟಕ ಟಕಟಕ ಅಂತ. ಈಚೆಗೆ ಕೈಗೆ ಬಂತು. ಅಷ್ಟರಲ್ಲಿ ಬೆರಳೇ ಹೊರಡಲು ನಿಂತಿತು." ಅವರು ಹೊರಗಿನ ಜನರ ಕಡೆ ಕಣ್ಣು ಹಾಯಿಸಿದರು. "ಪಾಪ, ಕೂತೇ ಇದ್ದಾರೆ. ಕಟ್ಟು ಆ ಚೀಲ. ಈಗ ನಿನ್ನದು."

ಬಿಳಿ ದಾರ ಬಿಚ್ಚಿ ಚೀಲವನ್ನು ತಿದಿಯ ಬಾಯಿಗೆ ಕಟ್ಟಿದೆ. ಅಕ್ಕೋರು ಎರಡು ಅಂಗೈಗಳನ್ನೂ ಆರ್ಗನ್ನಿನ ಸ್ವರದ ಮನೆಗಳ ಮೇಲೆ ಅಗಲಿಸಿ ಇಟ್ಟು ಒತ್ತಿದರು, ಬೆರಳು ಬೇಕಿರಲಿಲ್ಲ ಅದಕ್ಕೆ. ನಾನು ಒಮ್ಮೆ ತುಳಿದೆ. ಹೊಸ ಸುಣ್ಣ ಬಳಿದ ಗೋಡೆಯ ವಾಸನೆ, ಒಂದೇ ಪಾತ್ರೆಯಲ್ಲಿ ಕುದಿಯುವ ಅನ್ನದ ಸದ್ದು. ಹಿಂದೆಯೇ ಆ ನಗು, ಹತ್ತೊಂಬತ್ತು ವರ್ಷದ ಗುಲಾಬಿಯದ್ದು, ತಡೆಯಲು ನೋಡಿ ತಡೆಯಲಾಗದೆ ಹೊರಟದ್ದು. ಅದು ಎಲ್ಲ ಕೊಳವೆಗಳಿಗೂ ಏರಿತು. ನಾನು ತಿದಿಯಿಂದ ಎರಡೂ ಕಾಲು ತೆಗೆದೆ. ದಪ್ಪ ಕೊಳವೆ ಕುಗ್ಗಿತು, ನಡುವಿನವು ಕುಗ್ಗಿದವು, ನಗು ಜಾರುಬಂಡೆಯ ಮೇಲೆ ಕೂತು ನಿಧಾನವಾಗಿ ಇಳಿಯಿತು. ಬೆರಳುದ್ದದ ಕೊಳವೆ ಕುಂಯ್ ಎಂದಿತು. ಊರು ನಿಟ್ಟುಸಿರು ಬಿಟ್ಟು, ಬಗ್ಗಿ, ಚಪ್ಪಲಿ ಮೆಟ್ಟಿಕೊಂಡು ಎದ್ದಿತು.

ಹಸನಬ್ಬ ನೇರ ಕಿರುಕೋಣೆಗೇ ಬಂದ. ವಿಚಾರಿಸಿಕೊಳ್ಳಲು ಎಂದುಕೊಂಡು ನಾನು ಗೋಡೆಗೆ ಒರಗಿ ನಿಂತೆ. ಅವನು ಖಾಲಿಯಾದ ಹಸಿರು ದಾರದ ಚೀಲವನ್ನು ಹುಡುಕಿ, ಮಡಿಸಿ, ಕಂಕುಳಲ್ಲಿ ಇಟ್ಟುಕೊಂಡು ಹೇಳಿದ, "ಈ ವರ್ಷದ ಇಳಿತಕ್ಕೆ ಸಾಟಿಯಿಲ್ಲ ಸಾಂತಾ. ಅದಕ್ಕೆ ಮುಂಚೆ ಸ್ವಲ್ಪ ಉದ್ದವಾಯ್ತು, ಅಷ್ಟೆ." ಅಕ್ಕೋರು ಕಿಂಡಿಯಾಚೆ ಕೆಮ್ಮಿದರು. ನಗು ಇರಬೇಕು.

ಮನೆಗೆ ಹೋಗುವಾಗ ಊರಿನಲ್ಲಿ ಒಂದು ಹಿಡಿ ಗಾಳಿ ಉಳಿದಿರಲಿಲ್ಲ. ಸಂಜೆಯ ಹೊಗೆಗಳು ಸೂರುಗಳ ಮೇಲೆ ಕಂಬಕಂಬವಾಗಿ ನಿಂತಿದ್ದವು, ನಾನೂ ಗುಲಾಬಿಯೂ ಅವುಗಳ ನಡುವೆ ನಡೆದೆವು. ಅಟ್ಟ ಖಾಲಿಯಾಗಿ ಮನೆ ಭಾರವಾಗಿತ್ತು, ಬಾಗಿಲು ನೆಲಕ್ಕೆ ಉಜ್ಜುತ್ತಿತ್ತು. ನಾನು ಹೆಗಲು ಕೊಟ್ಟು ತಳ್ಳುತ್ತಿರುವಾಗ ಅವಳು ಕೇಳಿದಳು, "ನಾನು ಅವತ್ತು ಯಾವುದಕ್ಕೆ ನಕ್ಕಿದ್ದು, ನೆನಪಿದೆಯಾ ನಿಮಗೆ?"

"ಇಲ್ಲ" ಎಂದೆ. ಇದೆ, ಆದರೆ ಅವಳ ಬಾಯಲ್ಲಿ ಕೇಳಬೇಕಿತ್ತು.

"ಆ ಜಟ್ಟಿ. ನಿಮ್ಮ ಕಾಲು ಮುಟ್ಟಿ ನೋಡಿ ಕುಸ್ತಿ ಬಿಟ್ಟನಂತಲ್ಲ."

"ಆಗ ನಂಬಿದ್ಯಾ?"

ಬಾಗಿಲು ತೆರೆಯಿತು. ಅವಳು ನನಗಿಂತ ಮೊದಲು ಒಳಗೆ ಹೋಗಿ, ಕತ್ತಲಲ್ಲಿ ದೀಪ ತಡಕುತ್ತ ಹೇಳಿದಳು, "ಹೂವು ಚೆನ್ನಾಗಿತ್ತಲ್ಲ."